ಕ್ಯೂ ಕೊಳ್ಳುವವರಿಗೆ ತೆಂಗಿನ ಕಾಂಡದ ಲೆಕ್ಕ

ಬಿಳಿಗೆರೆ, ನೊಣವಿನಕೆರೆ, ತುರುವೇಕೆರೆ ಕಡೆ ಮುಪ್ಪಾದ ತೆಂಗಿನ ಮರ ಕಡಿದು ತೊಲೆ, ರೀಪು ಮಾಡಿಸುವವರು ಕಾಂಡವನ್ನು ಸೀಳಿ ಒಳಗಿನ ತಿರುಳನ್ನು ತೆಗೆದುಹಾಕುತ್ತಾರೆ. ಉಳಿಸಿಕೊಳ್ಳುವುದು ಕರಿ ನಾರು ಒತ್ತೊತ್ತಾಗಿರುವ ಹೊರಸುತ್ತನ್ನು ಮಾತ್ರ. ಬುಡದ ಹೊರಸುತ್ತು ಒಣಗಿದ ಮೇಲೆ ಘನಮೀಟರಿಗೆ ಸುಮಾರು 900 ಕಿಲೋ ತೂಗಿದರೆ, ಸುಳಿಯ ಹತ್ತಿರದ ಒಳತಿರುಳು 200 ಕಿಲೋ ಕೂಡ ತೂಗುವುದಿಲ್ಲ. ತೇಗ, ಹೊನ್ನೆಯಂಥ ಮರಗಳ ದಿಮ್ಮಿಯಲ್ಲಿ ಇಷ್ಟು ಅಂತರ ಕಾಣುವುದಿಲ್ಲ. ತೆಂಗು ಏಕದಳ ಸಸ್ಯ. ಅದಕ್ಕೆ ವರ್ಷದ ಉಂಗುರಗಳಿಲ್ಲ, ಚೇಗೂ ಇಲ್ಲ. ಮೆತ್ತನೆಯ ತಿರುಳಿನಲ್ಲಿ ಗಟ್ಟಿ ನಾರಿನ ಕಟ್ಟುಗಳು ಹರಡಿಕೊಂಡಿರುತ್ತವೆ. ನಡುವೆ ವಿರಳವಾಗಿರುವ ಆ ಕಟ್ಟುಗಳು ಅಂಚಿಗೆ ಬಂದಂತೆ ದಟ್ಟವಾಗುತ್ತವೆ. ಗಾಳಿಗೆ ತೊನೆದಾಡಿಯೂ ಮುರಿಯದೆ ನಿಲ್ಲುವ ಮರದ ಗುಟ್ಟು ಇಲ್ಲಿದೆ.

ಈಗ ಬೆಂಗಳೂರಿನ ಯಾವುದಾದರೂ ಪೂಲ್ ಪಾರ್ಲರಿಗೆ ಬನ್ನಿ. ನುರಿತ ಆಟಗಾರರ ಕೈಯಲ್ಲಿ ಕಪ್ಪು ಕಾರ್ಬನ್ ಫೈಬರ್ ಕ್ಯೂಗಳು ಕಾಣಿಸುತ್ತವೆ. ಇಂಥ ಕ್ಯೂವಿನ ಮುಂಭಾಗದ ಅರ್ಧ, ಅಂದರೆ ಶಾಫ್ಟು, ಒಂದಕ್ಕೇ ಹತ್ತಾರು ಸಾವಿರ ರೂಪಾಯಿ ಬೆಲೆ. ಅದನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಹೊರಗೆ ಅಂಟಿನಲ್ಲಿ ಹುದುಗಿದ ಗಟ್ಟಿ ಎಳೆಗಳ ತೆಳು ಸುತ್ತು, ಒಳಗೆ ಪೊಳ್ಳು ಇಲ್ಲವೇ ಹಗುರ ನೊರೆ. ತೆಂಗಿನ ಕಾಂಡಕ್ಕೂ ಇದಕ್ಕೂ ವಿನ್ಯಾಸ ಒಂದೇ. ಗಾಳಿಗೆ ಎದುರು ನಿಲ್ಲಬೇಕಾದ ಮರಕ್ಕೂ ಚೆಂಡನ್ನು ತಳ್ಳಬೇಕಾದ ಕೋಲಿಗೂ ಒಂದೇ ಲೆಕ್ಕ ಹೇಗೆ ಒಪ್ಪಿತು ಎಂಬುದು ಅರ್ಥವಾದರೆ, ಹತ್ತು ಕಂಪನಿಗಳ ನಡುವೆ ಕ್ಯೂ ಆರಿಸುವ ತಲೆನೋವು ಅರ್ಧ ಇಳಿದಂತೆ.

ಕೋಲು-ಚೆಂಡಿನ ಈ ಆಟಗಳು ನಮಗೆ ಹೊರಗಿನವಲ್ಲ. ಸ್ನೂಕರ್ ಹುಟ್ಟಿದ್ದೇ ಭಾರತದಲ್ಲಿ, 1875ರಲ್ಲಿ ಜಬಲ್ಪುರದ ಸೇನಾ ಶಿಬಿರದಲ್ಲಿ. ಅದರ ನಿಯಮಗಳನ್ನು ಬರೆದು ತೂಗುಹಾಕಿದ್ದು ನಮ್ಮ ರಾಜ್ಯದ ಗಡಿಯಾಚೆಯ ಊಟಿ ಕ್ಲಬ್ಬಿನಲ್ಲಿ. ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಗರಡಿಯಲ್ಲಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದಾಗ ಅವರಿಗೆ 18 ವರ್ಷ. ಬೆಂಗಳೂರಿನವರೇ ಆದ ಉಮಾದೇವಿ ನಾಗರಾಜ್ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ಹೀಗೆ ಆಟ ಹಳೆಯದಾದರೂ ಸ್ವಂತ ಕ್ಯೂ ಕೊಳ್ಳುವ ಹಂಬಲ ಊರಿಂದ ಊರಿಗೆ ಹರಡುತ್ತಿರುವುದು ಈಚೆಗೆ. ಅಮೆರಿಕದ ಪ್ರಿಡೇಟರ್, ಮೆಕ್‌ಡರ್ಮಟ್, ಜಪಾನಿನ ಮೆಜ್, ಇಟಲಿಯ ಲೊಂಗೊನಿ, ಚೀನಾದ ಪೆರಿ ಎಂದು ಹೆಸರುಗಳು ಸಾಲುಗಟ್ಟುತ್ತವೆ. ಒಬ್ಬೊಬ್ಬರೂ ತಮ್ಮದೇ ಹೆಚ್ಚು ನಿಖರ ಅನ್ನುತ್ತಾರೆ. ಹೆಸರು ಬದಿಗಿಟ್ಟು, ಕ್ಯೂ ಮತ್ತು ಚೆಂಡು ಒಂದನ್ನೊಂದು ಮುಟ್ಟಿದಾಗ ಏನಾಗುತ್ತದೆ ಎಂದು ನೋಡೋಣ.

ಸೆಕೆಂಡಿನ ಸಾವಿರದಲ್ಲೊಂದು ಭಾಗ

ಕ್ಯೂ ತುದಿಯ ತೊಗಲಿನ ಟಿಪ್ಪು ಬಿಳಿ ಚೆಂಡನ್ನು ಮುಟ್ಟಿಕೊಂಡಿರುವುದು ಒಂದರಿಂದ ಎರಡು ಮಿಲಿಸೆಕೆಂಡು. ಕಣ್ಣೆವೆ ಒಂದು ಸಲ ಬಡಿಯುವಷ್ಟರಲ್ಲಿ ಇಂಥ ನೂರು ಭೇಟಿಗಳು ಮುಗಿದಿರುತ್ತವೆ. ಆಟಗಾರನ ಕೈ ಏನಾಯಿತೆಂದು ತಿಳಿಯುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಆದ್ದರಿಂದ ಹೊಡೆದ ಮೇಲೆ ಕೈಯಲ್ಲಿ ಉಳಿಯುವ ಕಂಪನ, ಕಿವಿಗೆ ಬೀಳುವ ಟಕ್ ಸದ್ದು ಹಿತವೆನಿಸಬಹುದು, ಚೆಂಡಿನ ದಾರಿಯನ್ನು ಅವು ಬದಲಿಸುವುದಿಲ್ಲ. ಹಿಡಿಯ ಮೇಲಿನ ಐರಿಷ್ ಲಿನನ್ ಸುತ್ತಾಗಲಿ, ಕೆತ್ತನೆಯಾಗಲಿ ಅಷ್ಟೆ. ಬೆವರುವ ಕೈಗೆ ಯಾವುದು ಒಗ್ಗುತ್ತದೋ ಅದು ಸಾಕು.

ತೂಕದ ವಿಷಯದಲ್ಲೂ ಗ್ರಾಹಕರು ಅಗತ್ಯಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುತ್ತಾರೆ. ಪೂಲ್ ಚೆಂಡು ಸುಮಾರು 170 ಗ್ರಾಂ, ಸಾಮಾನ್ಯ ಕ್ಯೂ 540 ಗ್ರಾಂ ಆಸುಪಾಸು. ಟಿಪ್ಪು ನುಂಗುವ ಶಕ್ತಿಯನ್ನೂ ಕಳೆದು ಇವೆರಡರ ಡಿಕ್ಕಿಯ ಲೆಕ್ಕ ಹಾಕಿದರೆ ಚೆಂಡು ಕ್ಯೂ ವೇಗದ ಸುಮಾರು 1.3 ಪಟ್ಟು ವೇಗದಲ್ಲಿ ಹೊರಡುತ್ತದೆ. ಕ್ಯೂ ತೂಕವನ್ನು ಒಂದು ಔನ್ಸ್, ಅಂದರೆ 28 ಗ್ರಾಂ ಏರಿಸಿ ಮತ್ತೆ ಲೆಕ್ಕ ಹಾಕಿ. ಚೆಂಡಿನ ವೇಗ ಏರುವುದು ಶೇಕಡಾ ಒಂದರಷ್ಟು ಮಾತ್ರ. 18 ಔನ್ಸೋ 20 ಔನ್ಸೋ ಎಂಬುದನ್ನು ನಿಮ್ಮ ತೋಳು ನಿರ್ಧರಿಸಲಿ. ಯಾವ ತೂಕದಲ್ಲಿ ಕೈ ಅಲುಗದೆ ನೇರ ಸಾಗುತ್ತದೋ ಅದೇ ಸರಿ. ಪೂಲ್ ಆಟದ ಅಂತರರಾಷ್ಟ್ರೀಯ ನಿಯಮ ಕೇಳುವುದೂ ಸ್ವಲ್ಪವೇ: ಕ್ಯೂ 40 ಅಂಗುಲಕ್ಕಿಂತ ಗಿಡ್ಡವಿರಬಾರದು, 25 ಔನ್ಸಿಗಿಂತ ಭಾರವಿರಬಾರದು, ಟಿಪ್ಪು 14 ಮಿಲಿಮೀಟರಿಗಿಂತ ಅಗಲವಿರಬಾರದು.

ಚೆಂಡು ಓರೆಯಾಗುವುದೇಕೆ?

ಚೆಂಡಿನ ನಟ್ಟನಡುವಿಗೆ ಹೊಡೆದಾಗ ಒಳ್ಳೆಯ ಕ್ಯೂವಿಗೂ ಪಾರ್ಲರಿನ ಮೂಲೆಯಲ್ಲಿ ನಿಲ್ಲಿಸಿದ ಹೌಸ್ ಕ್ಯೂವಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಬರುವುದು ಸೈಡ್ ಸ್ಪಿನ್ ಕೊಡಲು ನಡುವಿನಿಂದ ಎಡಕ್ಕೋ ಬಲಕ್ಕೋ ಹೊಡೆದಾಗ.

ಬಲಮಗ್ಗುಲಿಗೆ ಹೊಡೆದಿರೆನ್ನಿ. ಟಿಪ್ಪು ಮುಟ್ಟಿದ ಕ್ಷಣದಿಂದಲೇ ಚೆಂಡು ತಿರುಗತೊಡಗುತ್ತದೆ. ತಿರುಗುವ ಮೇಲ್ಮೈ ಟಿಪ್ಪನ್ನು ಬಲಕ್ಕೆ ಎಳೆದೊಯ್ಯುತ್ತದೆ. ಕ್ಯೂವಿನ ಮುಂತುದಿ ಸುಲಭವಾಗಿ ಸರಿದರೆ ಸರಿ, ಭಾರವಾಗಿದ್ದು ಹಟ ಹಿಡಿದರೆ ಅಷ್ಟೇ ಬಲದಿಂದ ಚೆಂಡನ್ನು ಎಡಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮಕ್ಕೆ ಇಲ್ಲೂ ವಿನಾಯಿತಿ ಇಲ್ಲ. ಫಲವಾಗಿ ಚೆಂಡು ಗುರಿಯಿಟ್ಟ ಗೆರೆ ಬಿಟ್ಟು ಕೊಂಚ ಎಡಕ್ಕೆ ಹೊರಡುತ್ತದೆ. ಆಟಗಾರರು ಇದನ್ನೇ ಡಿಫ್ಲೆಕ್ಷನ್ ಅನ್ನುತ್ತಾರೆ.

ಸಾಧಾರಣ ಮೇಪಲ್ ಕ್ಯೂವಿನಲ್ಲಿ ಪೂರಾ ಸೈಡ್ ಕೊಟ್ಟರೆ ಈ ಓರೆ ಸುಮಾರು ಎರಡೂವರೆ ಡಿಗ್ರಿ. ಕೇಳಲು ಅಲ್ಪ. ಆದರೆ ಒಂಬತ್ತು ಅಡಿಯ ಮೇಜಿನ ಆಟದ ಹಾಸು 254 ಸೆಂಟಿಮೀಟರ್ ಉದ್ದ. ಆ ಉದ್ದಕ್ಕೂ ಹೋದ ಚೆಂಡು ಗುರಿಯಿಂದ 11 ಸೆಂಟಿಮೀಟರ್ ಆಚೆ ಇರುತ್ತದೆ. ಚೆಂಡಿನ ಅಗಲವೇ 5.7 ಸೆಂಟಿಮೀಟರ್. ಅಂದರೆ ಗುರಿಯ ಚೆಂಡನ್ನು ಪೂರ್ತಿ ತಪ್ಪಿಸಿಕೊಂಡು ಹೋಗಲು ಹೆಚ್ಚುಕಡಿಮೆ ಈ ಓರೆಯ ಅರ್ಧವೇ ಸಾಕು.

ಎಷ್ಟು ಪಕ್ಕಕ್ಕೆ ಹೊಡೆಯಬಹುದು ಎಂಬುದಕ್ಕೂ ಮಿತಿಯಿದೆ. ಫ್ರಾನ್ಸಿನ ಕೊರಿಯೊಲಿಸ್, ಅಂದರೆ ಚಂಡಮಾರುತಗಳ ಸುಳಿಯನ್ನು ವಿವರಿಸುವಾಗ ಬರುವ ಅದೇ ವಿಜ್ಞಾನಿ, 1835ರಲ್ಲಿ ಬಿಲಿಯರ್ಡ್ಸ್ ಆಟದ ಗಣಿತದ ಮೇಲೆ ಒಂದು ಇಡೀ ಪುಸ್ತಕ ಬರೆದ. ಗರಿಷ್ಠ ಸೈಡ್ ಸಿಗುವುದು ಚೆಂಡಿನ ನಡುವಿನಿಂದ ತ್ರಿಜ್ಯದ ಅರ್ಧದಷ್ಟು ದೂರದಲ್ಲಿ. ಪೂಲ್ ಚೆಂಡಿನಲ್ಲಿ ಅದು ಸುಮಾರು 1.4 ಸೆಂಟಿಮೀಟರ್. ಅದನ್ನು ದಾಟಿದರೆ ತೊಗಲಿನ ಹಿಡಿತ ತಪ್ಪಿ ಟಿಪ್ಪು ಜಾರುತ್ತದೆ, ಮಿಸ್‌ಕ್ಯೂ ಆಗುತ್ತದೆ.

ಮುಂದಿನ ಒಂದು ಗೇಣು

ಹಾಗಿದ್ದರೆ ಇಡೀ ಕ್ಯೂ ಹಗುರವಾಗಬೇಕೇ? ಬೇಕಿಲ್ಲ. ಟಿಪ್ಪಿಗೆ ಬಿದ್ದ ಪಕ್ಕದ ತಳ್ಳು ಅಲೆಯಾಗಿ ಕೋಲಿನುದ್ದಕ್ಕೂ ಹಿಂದಕ್ಕೆ ಸಾಗಬೇಕು. ಚೆಂಡು ಅಂಟಿಕೊಂಡಿರುವ ಆ ಒಂದು ಮಿಲಿಸೆಕೆಂಡಿನಲ್ಲಿ ಅಲೆ ಕ್ರಮಿಸುವುದು ಒಂದು ಗೇಣಿಗಿಂತ ಕಡಿಮೆ. ಹಿಂದಿನ ನಾಲ್ಕು ಅಡಿ ಕೋಲಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಆದ್ದರಿಂದ ಡಿಫ್ಲೆಕ್ಷನ್ನನ್ನು ನಿರ್ಧರಿಸುವುದು ಮುಂತುದಿಯ ಆ ಗೇಣಿನೊಳಗಿನ ತೂಕವೊಂದೇ.

1994ರಲ್ಲಿ ಪ್ರಿಡೇಟರ್ ಕಂಪನಿ ಹೊರತಂದ 314 ಶಾಫ್ಟಿನ ವಿಶೇಷ ಇದೇ ಆಗಿತ್ತು. ಯಂತ್ರದ ತೋಳಿನಿಂದ ಹೊಡೆಸಿ ಅಳೆದು ನೋಡಿದ ಅವರು ಮೇಪಲ್ ಕೋಲಿನ ತುದಿಯನ್ನು ಒಳಗೆ ಕೊರೆದು ಪೊಳ್ಳು ಮಾಡಿದರು, ಟಿಪ್ಪಿನ ಕೆಳಗಿನ ಬಳೆಯನ್ನು ಗಿಡ್ಡ ಮಾಡಿದರು. ಇಂಥ ಶಾಫ್ಟುಗಳಲ್ಲಿ ಓರೆ ಎರಡೂವರೆ ಡಿಗ್ರಿಯಿಂದ ಎರಡರ ಕೆಳಕ್ಕೆ ಇಳಿಯುತ್ತದೆ. ಅಲ್ಲಿಂದಾಚೆಗೆ ಕಂಪನಿಗಳ ನಡುವಿನ ಪೈಪೋಟಿಯೆಲ್ಲ ಈ ಗೇಣಿನ ಸುತ್ತಲೇ.

ಕೊರೆದರೆ ಕೋಲು ಬಳುಕುವುದಿಲ್ಲವೇ? ತೆಂಗಿನ ಲೆಕ್ಕ ಇಲ್ಲಿ ಒದಗುತ್ತದೆ. ದುಂಡು ಕೋಲಿನ ತೂಕ ಅದರ ಅಗಲದ ವರ್ಗದಂತೆ ಏರಿದರೆ, ಬಾಗದಿರುವ ಬಿಗಿ ನಾಲ್ಕನೇ ಘಾತದಂತೆ ಏರುತ್ತದೆ. ಕೋಲಿನ ಅರ್ಧ ಅಗಲದ ರಂಧ್ರ ಕೊರೆದರೆ ತೂಕ ನಾಲ್ಕರಲ್ಲಿ ಒಂದು ಪಾಲು ಹೋಗುತ್ತದೆ. ಬಿಗಿ ಹೋಗುವುದು ಹದಿನಾರರಲ್ಲಿ ಒಂದು ಪಾಲು, ಶೇಕಡಾ ಆರರಷ್ಟು. ಬಾಗುವಿಕೆಯನ್ನು ತಡೆಯುವ ಕೆಲಸವೆಲ್ಲ ಹೊರಸುತ್ತಿನದು, ನಡುವಿನದು ಬಹುಪಾಲು ದಂಡಭಾರ. ತೆಂಗು ತನ್ನ ನಾರನ್ನು ಅಂಚಿಗೆ ಸೇರಿಸಿ ನಡುವಿಗೆ ತಿರುಳು ತುಂಬಿಕೊಂಡಿರುವುದು ಇದೇ ಲಾಭಕ್ಕೆ.

ಬಿಗಿ ಉಳಿಸಿಕೊಂಡು ತೂಕ ಇಳಿಸಲು ಇನ್ನೊಂದು ದಾರಿ ಗಟ್ಟಿ ಎಳೆಯ ಬಳಕೆ. 2016ರಿಂದೀಚೆಗೆ ಮಾರುಕಟ್ಟೆ ತುಂಬಿರುವ ಕಾರ್ಬನ್ ಫೈಬರ್ ಶಾಫ್ಟುಗಳು ಅದನ್ನು ಮಾಡುತ್ತವೆ. ಮರದ ಕೋಲನ್ನು 13 ಮಿಲಿಮೀಟರಿನಿಂದ 12ಕ್ಕೆ ಸಣ್ಣ ಮಾಡಿದರೆ ಬಿಗಿ ಕಾಲುಭಾಗಕ್ಕಿಂತ ಹೆಚ್ಚು ಕುಸಿಯುತ್ತದೆ. ಕಾರ್ಬನ್ನಿನಲ್ಲಿ ಆ ಅಂಜಿಕೆ ಕಡಿಮೆ. ಅದರ ಇನ್ನೊಂದು ಗುಣ ನಮ್ಮ ಹವೆಗೆ ಸಂಬಂಧಿಸಿದ್ದು. ಮರ ತೇವ ಹೀರುತ್ತದೆ, ಬಿಡುತ್ತದೆ. ಮುಂಗಾರಿನಲ್ಲಿ ನೆಟ್ಟಗಿದ್ದ ಮೇಪಲ್ ಕೋಲು ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಸೊಟ್ಟಗಾಗಬಹುದು. ಕಾರ್ಬನ್ ಸೊಟ್ಟಗಾಗದು.

ತೆಂಗಿನ ಮರದಿಂದಲೇ ಕ್ಯೂ ಮಾಡಬಹುದೇ ಎಂಬ ಪ್ರಶ್ನೆ ನಮ್ಮ ಕಡೆಯವರಿಗೆ ಬರದೆ ಇರದು. ಹಿಡಿಯ ಭಾಗಕ್ಕೆ ಧಾರಾಳವಾಗಿ ಒದಗೀತು. ಕಪ್ಪು ಗೆರೆಗಳ ಆ ಹೊರಸುತ್ತು ಭಾರವಾಗಿದೆ, ಚೆಂದವಾಗಿದೆ, ಹಿಡಿಯಲ್ಲಿ ಭಾರ ಇದ್ದರೆ ತೊಂದರೆಯಿಲ್ಲ. ಮಲೆನಾಡಿನ ಬೀಟೆಯೂ ಕ್ಯೂ ಹಿಡಿಗಳಿಗೆ ಹಿಂದಿನಿಂದ ಬಳಕೆಯಾಗುತ್ತ ಬಂದಿದೆ. ಮುಂತುದಿಗೆ ಮಾತ್ರ ತೆಂಗು ಒಗ್ಗದು. ಹನ್ನೆರಡು ಮಿಲಿಮೀಟರಿನ ಕಡ್ಡಿ ಕಡೆದರೆ ಸಿಗುವುದು ಹೊರಸುತ್ತಿನ ಒಂದು ತುಣುಕು, ಅದೂ ಮೇಪಲ್‌ಗಿಂತ ಭಾರ, ಜೊತೆಗೆ ಬೆರಳಿನ ಮೇಲೆ ಜಾರುವಾಗ ಸಿಬಿರು. ತೆಂಗಿನ ವಿನ್ಯಾಸದ ಲಾಭ ಇಡೀ ಕಾಂಡಕ್ಕೆ ಸೇರಿದ್ದು, ತುಂಡಿಗಲ್ಲ.

ಟಿಪ್ಪು, ಚಾಕು

ಕ್ಯೂವಿನಲ್ಲಿ ಚೆಂಡನ್ನು ಮುಟ್ಟುವುದು ಟಿಪ್ಪೊಂದೇ, ಅಂಗಡಿಯಲ್ಲಿ ಯಾರೂ ಹೆಚ್ಚು ಕೇಳದ ಭಾಗವೂ ಅದೇ. ಮೆತ್ತನೆ ಟಿಪ್ಪು ಹೆಚ್ಚು ಸ್ಪಿನ್ ಕೊಡುತ್ತದೆ ಎಂಬ ನಂಬಿಕೆ ಪಾರ್ಲರುಗಳಲ್ಲಿ ಗಟ್ಟಿ. ಆದರೆ ಜಾರದೆ ಹಿಡಿದರೆ, ಸ್ಪಿನ್ನಿಗೂ ವೇಗಕ್ಕೂ ಇರುವ ಪ್ರಮಾಣವನ್ನು ನಿರ್ಧರಿಸುವುದು ನಡುವಿನಿಂದ ಎಷ್ಟು ದೂರ ಹೊಡೆದಿರಿ ಎಂಬುದು. ಗಟ್ಟಿ ಟಿಪ್ಪು ಕಡಿಮೆ ಶಕ್ತಿ ನುಂಗುತ್ತದೆ, ಆಕಾರ ಬೇಗ ಕೆಡದು. ಮೆತ್ತನೆಯದು ಮೇಲೆ ಹಚ್ಚುವ ಚಾಕ್ ಪುಡಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಬೇಗ ಚಪ್ಪಟೆಯಾಗುತ್ತದೆ. ನಡುವಣ ಗಟ್ಟಿತನದ್ದು ಹೊಸಬರಿಗೆ ಕ್ಷೇಮ. ಅದರ ಗುಮ್ಮಟ ಒಂದು ರೂಪಾಯಿ ನಾಣ್ಯದ ಅಂಚಿನಷ್ಟು ಬಾಗಿರಲಿ.

ಚಾಕಿನ ಹೆಸರು ಕೇಳಿ ಶಾಲೆಯ ಸೀಮೆಸುಣ್ಣ ಎಂದುಕೊಳ್ಳಬೇಡಿ. 1897ರಲ್ಲಿ ಅಮೆರಿಕದ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನ ತಜ್ಞ ವಿಲಿಯಂ ಹಾಸ್ಕಿನ್ಸ್ ಪೇಟೆಂಟ್ ಪಡೆದಾಗಿನಿಂದ ಅದು ಸಿಲಿಕಾ ಮತ್ತು ಅಲ್ಯುಮಿನಿಯಂ ಆಕ್ಸೈಡಿನಂಥ ಉಜ್ಜು ಪುಡಿಗಳ ಮಿಶ್ರಣ. ತೊಗಲಿಗೂ ಚೆಂಡಿಗೂ ನಡುವೆ ಘರ್ಷಣೆ ಹೆಚ್ಚಿಸುವುದು ಅದರ ಕೆಲಸ. ಘರ್ಷಣಾಂಕ 0.6ರ ಹತ್ತಿರ ಇದ್ದರೆ ಮೇಲೆ ಹೇಳಿದ ಅರ್ಧ ತ್ರಿಜ್ಯದವರೆಗೆ ಜಾರದೆ ಹೊಡೆಯಬಹುದು. ಚಾಕು ಹಚ್ಚದ ದುಬಾರಿ ಕ್ಯೂವಿಗಿಂತ ಹಚ್ಚಿದ ಹೌಸ್ ಕ್ಯೂ ಮೇಲು.

ಅಂಗಡಿಯಲ್ಲೇ ಒಂದು ಪರೀಕ್ಷೆ

ಡಿಫ್ಲೆಕ್ಷನ್ ಎಷ್ಟೆಂದು ಕಂಪನಿಯ ಮಾತಿಗೆ ಕಾಯಬೇಕಿಲ್ಲ, ನೀವೇ ಹೋಲಿಸಿ ನೋಡಬಹುದು. ಬಿಳಿ ಚೆಂಡಿನಿಂದ ಸುಮಾರು ಒಂದು ಗಜ ದೂರದ ಅಂಚಿನ ಮೇಲೆ ಚಾಕಿನ ತುಂಡು ಇಟ್ಟು, ಚೆಂಡಿನ ನಡುವಿಗೆ ನೇರ ಗುರಿ ಹಿಡಿಯಿರಿ. ಮೇಜಿಗೆ ಊರಿದ ಎಡಗೈಯನ್ನು ಕದಲಿಸದೆ, ಹಿಂದಿನ ಬಲಗೈಯನ್ನಷ್ಟೇ ಎಡಕ್ಕೆ ಸರಿಸಿ ಟಿಪ್ಪು ಚೆಂಡಿನ ಬಲಮಗ್ಗುಲಿಗೆ ಬರುವಂತೆ ಮಾಡಿ. ಕ್ಯೂವನ್ನು ಆದಷ್ಟೂ ಮೇಜಿಗೆ ಸಮವಾಗಿಟ್ಟು ಆ ಹೊಸ ದಿಕ್ಕಿನಲ್ಲೇ ಜೋರಾಗಿ ಹೊಡೆಯಿರಿ. ಕ್ಯೂ ಈಗ ಬಲಕ್ಕೆ ನೋಡುತ್ತಿದೆ, ಡಿಫ್ಲೆಕ್ಷನ್ ಎಡಕ್ಕೆ ತಳ್ಳುತ್ತದೆ. ಚೆಂಡು ಚಾಕಿನ ಬಲಕ್ಕೆ ಹೋದರೆ ಎಡಗೈಯನ್ನು ಚೆಂಡಿನಿಂದ ಇನ್ನಷ್ಟು ಹಿಂದಕ್ಕೆ ಇಡಿ, ಎಡಕ್ಕೆ ಹೋದರೆ ಮುಂದಕ್ಕೆ ತನ್ನಿ.

ಒಂದು ಅಂತರದಲ್ಲಿ ಎರಡೂ ಒಂದಕ್ಕೊಂದು ವಜಾ ಆಗಿ ಚೆಂಡು ನೇರ ಚಾಕಿಗೆ ಹೋಗುತ್ತದೆ. ಸಾಧಾರಣ ಮೇಪಲ್ ಕ್ಯೂವಿಗೆ ಎಡಗೈ ಮತ್ತು ಚೆಂಡಿನ ನಡುವಿನ ಆ ಅಂತರ ಸುಮಾರು 12 ಅಂಗುಲ, ಕಡಿಮೆ ಡಿಫ್ಲೆಕ್ಷನ್ ಶಾಫ್ಟಿಗೆ 17 ಅಂಗುಲ ಅಥವಾ ಇನ್ನೂ ಹೆಚ್ಚು. ಅಂತರ ಉದ್ದವಾದಷ್ಟೂ ಓರೆ ಕಡಿಮೆ ಎಂದರ್ಥ. ಎಡಮಗ್ಗುಲಿಗೂ ಇದೇ ರೀತಿ ಹೊಡೆದು ಸರಾಸರಿ ತೆಗೆಯಿರಿ. ನಿಮ್ಮ ಕಣ್ಣಿನ ದೋಷ ಒಂದು ಕಡೆ ಕೂಡಿದರೆ ಇನ್ನೊಂದು ಕಡೆ ಕಳೆಯುತ್ತದೆ. ಎರಡು ಕಂಪನಿಗಳ ಕ್ಯೂಗಳಲ್ಲಿ ಈ ಅಂತರ ಒಂದೇ ಬಂದು ಬೆಲೆ ದುಪ್ಪಟ್ಟಿದ್ದರೆ, ಹೆಚ್ಚಿನ ಹಣ ಹಿಡಿಯ ಅಲಂಕಾರಕ್ಕೆ, ಹೆಸರಿಗೆ, ಬಾಳಿಕೆಗೆ ಹೋಗುತ್ತಿದೆ ಎಂದು ತಿಳಿಯಿರಿ. ಅವು ಬೇಡವಾದವೇನಲ್ಲ, ಆದರೆ ಚೆಂಡು ಅವನ್ನು ಗಮನಿಸುವುದಿಲ್ಲ.

ಓರೆ ಕಡಿಮೆಯಾದ ಮಾತ್ರಕ್ಕೆ ಆಟ ಮೇಲಾಗಬೇಕೆಂದೂ ಇಲ್ಲ. ಹಳೆಯ ಮಾದರಿ ಕೋಲಿನಲ್ಲಿ ವರ್ಷಗಟ್ಟಲೆ ಆಡಿದವರ ಮಿದುಳು ಆ ಎರಡೂವರೆ ಡಿಗ್ರಿಯನ್ನು ತಾನಾಗಿ ಕಳೆದು ಗುರಿ ಹಿಡಿಯುತ್ತಿರುತ್ತದೆ. ಅವರ ಕೈಗೆ ಹೊಸ ಕಾರ್ಬನ್ ಶಾಫ್ಟು ಕೊಟ್ಟರೆ ಮೊದಲ ಕೆಲವು ವಾರ ಚೆಂಡು ಪಾಕೆಟ್ಟಿನ ಇನ್ನೊಂದು ಮಗ್ಗುಲಿಗೆ ಬಡಿಯುತ್ತದೆ. ಹೊಸದಾಗಿ ಕಲಿಯುವವರಿಗೆ ಮರೆಯಬೇಕಾದ್ದು ಕಡಿಮೆ, ಆದ್ದರಿಂದ ಅವರಿಗೆ ಕಡಿಮೆ ಓರೆಯ ಶಾಫ್ಟು ನಿಜಕ್ಕೂ ಲಾಭ.

ಹೀಗಾಗಿ ಹಣ ಖರ್ಚಾಗಬೇಕಾದ ಸರದಿ ಮುಂದಿನಿಂದ ಹಿಂದಕ್ಕೆ: ಮೊದಲು ಒಳ್ಳೆಯ ಟಿಪ್ಪು ಮತ್ತು ಚಾಕು, ಆಮೇಲೆ ನೆಟ್ಟಗಿರುವ ಹಗುರ ಮುಂತುದಿಯ ಶಾಫ್ಟು, ಎರಡು ಭಾಗಗಳು ಬಿಗಿಯಾಗಿ ಕೂರುವ ಜಾಯಿಂಟು, ಕೊನೆಗೆ ಹಿಡಿ. ನೇರವಾಗಿದೆಯೇ ಎಂದು ನೋಡಲು ಮೇಜಿನ ಮೇಲೆ ಉರುಳಿಸುವುದಕ್ಕಿಂತ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುವುದು ವಾಸಿ. ಆರಿಸಿದ ಮೇಲೆ ಬದಲಿಸಬೇಡಿ. ಟಿಪ್ಪು ಸವೆದರೆ ಟಿಪ್ಪು ಹಾಕಿಸಿ. ಪ್ರತಿ ಶಾಫ್ಟಿನ ಓರೆಯೂ ಬೇರೆ. ಅದನ್ನು ಕಳೆಯಲು ಕಲಿತ ಕೈ ಒಂದೇ ಶಾಫ್ಟಿನೊಂದಿಗೆ ಇದ್ದರೆ ಮಾತ್ರ ಆ ಕಲಿಕೆ ಕೂಡುತ್ತ ಹೋಗುತ್ತದೆ.