ಬಿದಿರಿನ ಸಾಮಾನುಗಳ ಬಾಳಿಕೆಯೂ ಮೆಳೆಯ ಆರೈಕೆಯೂ

ಮೊರ, ಬುಟ್ಟಿ, ಮಂಕರಿ, ಸಿಬ್ಬಲು, ತೊಟ್ಟಿಲು, ತಟ್ಟಿ ಮೊದಲಾದ ಬಿದಿರಿನ ಸಾಮಾನುಗಳು ರೈತರ ಮನೆವಾರ್ತೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಇತ್ತೀಚೆಗೆ ಇವುಗಳ ಸ್ಥಾನವನ್ನು ಪ್ಲಾಸ್ಟಿಕ್ ಸಾಮಾನುಗಳು ಆಕ್ರಮಿಸುತ್ತಿವೆ. ಇದಕ್ಕೆ ಅಗ್ಗದ ಬೆಲೆಯೊಂದು ಕಾರಣ. ಬಿದಿರಿನ ಬುಟ್ಟಿಯು ವರ್ಷ ತುಂಬುವುದರೊಳಗೆ ಕುಟ್ಟೆ ಹಿಡಿದು ಪುಡಿಯುದುರುವುದೆಂಬುದು ಮತ್ತೊಂದು. ಈ ದೂರನ್ನು ಹೆಣೆದ ಮೇದರವರ ಮೇಲೆ ಹೊರಿಸುವುದು ವಾಡಿಕೆ. ಆದರೆ ದೋಷವು ಬಹುಮಟ್ಟಿಗೆ ಹೆಣಿಗೆಯಲ್ಲಿರದೆ, ಬೊಂಬಿನ ವಯಸ್ಸು, ಕಡಿದ ಕಾಲ ಮತ್ತು ಕಡಿದ ಮೇಲಿನ ಸಂಸ್ಕಾರ, ಈ ಮೂರರಲ್ಲಿರುತ್ತದೆ. ಇವುಗಳಲ್ಲಿ ಮೊದಲಿನೆರಡು ಮೆಳೆಯ ಒಡೆಯನ ಕೈಯಲ್ಲಿರತಕ್ಕವು.

ಕುಟ್ಟೆಯ ಕಾರಣ.— ಬೊಂಬನ್ನು ಕೊರೆಯುವ ಹುಳುವು ಸುಮಾರು 3 ಮಿಲಿಮೀಟರ್ ಉದ್ದದ ಕಂದುಬಣ್ಣದ ದುಂಬಿ. ಇದು ಬಯಸುವುದು ಬೊಂಬಿನೊಳಗೆ ಸಂಗ್ರಹವಾಗಿರುವ ಪಿಷ್ಟವನ್ನು. ಪಿಷ್ಟವು ಹೆಚ್ಚಿದ್ದಷ್ಟೂ ಕುಟ್ಟೆಯ ಬಾಧೆಯೂ ಹೆಚ್ಚು. ಬೇಸಗೆಯಲ್ಲಿ ಮೆಳೆಯು ಮುಂಬರುವ ಕಳಲೆಗಳಿಗಾಗಿ ಪಿಷ್ಟವನ್ನು ಕೂಡಿಟ್ಟುಕೊಂಡಿರುತ್ತದೆ. ಆಗ ಕಡಿದ ಬೊಂಬು ಬೇಗನೆ ಕೆಡುತ್ತದೆ. ಮಳೆಗಾಲದಲ್ಲಿ ಕಡಿದರೆ ಕಳಲೆಗಳು ಮುರಿದು ಮೆಳೆಯೇ ಕ್ಷೀಣಿಸುತ್ತದೆ. ಆದುದರಿಂದ ಮಳೆ ನಿಂತ ಮೇಲೆ, ಕಾರ್ತಿಕದಿಂದ ಪುಷ್ಯದವರೆಗಿನ ಅವಧಿಯೇ ಕಡಿಯಲು ತಕ್ಕ ಕಾಲ.

ವಯಸ್ಸನ್ನು ತಿಳಿಯುವ ಬಗೆ.— ಬೊಂಬು ಒಂದೇ ಮಳೆಗಾಲದಲ್ಲಿ ಪೂರ್ಣ ಎತ್ತರಕ್ಕೆ ಬೆಳೆದರೂ ಬಲಿಯುವುದಕ್ಕೆ ಮೂರು ವರ್ಷ ಬೇಕು. ವರ್ಷ ತುಂಬದ ಬೊಂಬಿನ ಮೇಲೆ ಬಿಳಿಯ ಪುಡಿಯೂ ಗಿಣ್ಣುಗಳಲ್ಲಿ ಪೊರೆಯೂ ಇರುತ್ತವೆ. ಬಲಿತುದು ಹೊಳಪು ಕಳೆದುಕೊಂಡು, ಅಲ್ಲಲ್ಲಿ ಬೂದುಬಣ್ಣದ ಕಲೆಗಳನ್ನು ತಳೆಯುತ್ತದೆ. ಹೆಣಿಗೆಯ ಸೀಳುಗಳಿಗೆ ಎರಡು ವರ್ಷ ತುಂಬಿದುದೂ, ಕುರ್ಚಿ, ಮಂಚ, ಏಣಿಗಳಿಗೆ ಮೂರು ನಾಲ್ಕು ವರ್ಷದ್ದೂ ಯೋಗ್ಯ.

ಕಡಿಯುವ ಕ್ರಮ.— ಮೆಳೆಯ ಹೊರಸುತ್ತಿನ ಎಳೆಯ ಬೊಂಬುಗಳನ್ನು ಸುಲಭವೆಂದು ಕಡಿಯಕೂಡದು. ಹೊಸ ಕಳಲೆಗಳು ಮುಖ್ಯವಾಗಿ ಅವುಗಳ ಬುಡದಿಂದಲೇ ಹೊರಡುತ್ತವೆ. ಒಂದು ಪಾರ್ಶ್ವದಲ್ಲಿ ದಾರಿ ಬಿಡಿಸಿಕೊಂಡು ಒಳಗಿನ ಬಲಿತವುಗಳನ್ನು ತೆಗೆಯತಕ್ಕದ್ದು. ನೆಲದ ಮೇಲಿನ ಮೊದಲ ಅಥವಾ ಎರಡನೆಯ ಗಿಣ್ಣಿಗೆ ತುಸು ಮೇಲೆ ಕಡಿದರೆ ಬುಡದಲ್ಲಿ ನೀರು ನಿಂತು ಕೊಳೆಯದು. ಎಳೆಯವುಗಳಿಗೆ ಆಸರೆಯಾಗಿ ಕೆಲವು ಬಲಿತ ಬೊಂಬುಗಳನ್ನೂ ಉಳಿಸಬೇಕು.

ಸಂಸ್ಕಾರ.— ಕಡಿದ ಬೊಂಬುಗಳನ್ನು ಹರಿಯುವ ನೀರಿನಲ್ಲಿ ಎರಡು ಮೂರು ವಾರ ಪೂರ್ಣವಾಗಿ ಮುಳುಗಿಸಿಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿದರೆ ಪಿಷ್ಟವೂ ಸಕ್ಕರೆಯ ಅಂಶವೂ ಕುಗ್ಗುತ್ತವೆ. ಇದಕ್ಕೆ ಖರ್ಚಿಲ್ಲ. ಪೀಠೋಪಕರಣದ ಸೀಳುಗಳನ್ನು ಇನ್ನೂ ಭದ್ರಪಡಿಸಲು 100 ಲೀಟರ್ ನೀರಿಗೆ 3 ಕಿಲೋಗ್ರಾಂ ಬಿಳಿಗಾರವನ್ನೂ 2 ಕಿಲೋಗ್ರಾಂ ಬೋರಿಕ್ ಆಮ್ಲವನ್ನೂ ಕರಗಿಸಿ ಅದರಲ್ಲಿ ನೆನೆಯಿಸಬಹುದು. ಆದರೆ ಮೊರ, ಸಿಬ್ಬಲು, ತೊಟ್ಟಿಲುಗಳಿಗೆ ಈ ಮದ್ದು ಸಲ್ಲದು. ಅವುಗಳಿಗೆ ನೀರಿನ ಸಂಸ್ಕಾರವೂ ಒಲೆಯ ಮೇಲಿನ ಅಟ್ಟದ ಹೊಗೆಯೂ ಸಾಕು. ಅಂಚು ಕಟ್ಟುವ ಬೆತ್ತವನ್ನು ಕಡಿದ ಕೂಡಲೆ ಒಣಗಿಸದಿದ್ದರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ.

ಜಮೀನುದಾರರ ಕರ್ತವ್ಯ.— ಹಳ್ಳದ ದಡ ಮತ್ತು ಬೇಸಾಯಕ್ಕೆ ಬಾರದ ಅಂಚುಗಳಲ್ಲಿ ಬಿದಿರನ್ನು ಬೆಳೆಸಬಹುದು. ಹೆಬ್ಬಿದಿರು ಸುಮಾರು 40ರಿಂದ 45 ವರ್ಷಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು ಒಣಗುವುದರಿಂದ, ಅದೊಂದನ್ನೇ ನೆಚ್ಚದೆ, ಮುಳ್ಳಿಲ್ಲದ ಗಟ್ಟಿ ಜಾತಿಯಾದ ಮರಿಹಾಲ್ ಬಿದಿರನ್ನೂ ನೆಡುವುದು ಲೇಸು. ಕಡಿದುದನ್ನು ಸಾಗಿಸುವ ಮುನ್ನ ಅರಣ್ಯಾಧಿಕಾರಿಗಳನ್ನು ವಿಚಾರಿಸಿಕೊಳ್ಳತಕ್ಕದ್ದು. ಗ್ರಾಮದ ಯಜಮಾನರು ಊರಿನ ಮೇದರವರಿಗೆ ತಕ್ಕ ಕಾಲದಲ್ಲಿ ಬಲಿತ ಬೊಂಬು ದೊರೆಯುವಂತೆಯೂ, ಕೆರೆಯ ಕಾಲುವೆಯಲ್ಲಿ ನೆನೆಹಾಕಲು ಎಡೆಯಾಗುವಂತೆಯೂ ಏರ್ಪಡಿಸಿದರೆ, ಕೊಂಡವನ ಹಣ ವ್ಯರ್ಥವಾಗದು. ಹೆಣೆದವನ ಕಸುಬೂ ಉಳಿಯುವುದು.