ಅಪ್ಪ ಅಮ್ಮ ತಡವಾಗಿ ಬರುವ ಮನೆಯಲ್ಲಿ ರಾತ್ರಿಯ ಊಟ



ದಾವಣಗೆರೆಯ ಮಂಡಿಪೇಟೆಯಲ್ಲಿ ಸಂಜೆ ಏಳು ಗಂಟೆ ಎಂದರೆ ವ್ಯಾಪಾರ ಮುಗಿಯುವ ಹೊತ್ತಲ್ಲ, ಏರುವ ಹೊತ್ತು. ಹಗಲೆಲ್ಲ ದುಡಿದವರು ಸಾಮಾನು ಕೊಳ್ಳಲು ಬರುವುದೇ ಆಗ. ಕೊನೆಯ ಗಿರಾಕಿ ಹೋದ ಮೇಲೂ ಸರಕು ಎತ್ತಿಡಬೇಕು, ಗಲ್ಲಾಪೆಟ್ಟಿಗೆಯ ಹಣ ಎಣಿಸಬೇಕು, ದಿನದ ಲೆಕ್ಕ ಬರೆಯಬೇಕು. ಅಂಗಡಿಯಲ್ಲಿ ಲೆಕ್ಕ ಬರೆಯುವವರೂ ಬಟ್ಟೆ ತೋರಿಸುವವರೂ ಮೂಟೆ ಹೊರುವವರೂ ಮನೆ ಸೇರುವಾಗ ಒಂಬತ್ತು ದಾಟಿರುತ್ತದೆ. ದೀಪಾವಳಿಯಲ್ಲಿ, ಮದುವೆಯ ಕಾಲದಲ್ಲಿ ಇನ್ನೂ ತಡ. ಹರಿಹರದಲ್ಲಿ ಈ ತೊಂದರೆಗೆ ಬೇರೆ ರೂಪವಿದೆ. ಅಲ್ಲಿಂದ ತುಂಗಭದ್ರೆ ದಾಟಿ ಕುಮಾರಪಟ್ಟಣದ ಕಾರ್ಖಾನೆಗಳಿಗೆ ಪಾಳಿಯ ಕೆಲಸಕ್ಕೆ ಹೋಗುವವರ ಊಟದ ಹೊತ್ತು ಪಾಳಿಯೊಂದಿಗೇ ಬದಲಾಗುತ್ತದೆ.

ಹತ್ತಿ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ಊರಿಗೆ ಹೊತ್ತು ತಪ್ಪಿದ ಊಟ ಹೊಸದೇನಲ್ಲ. ಆದರೆ ಆಗ ಬಹಳ ಮನೆಗಳಲ್ಲಿ ಒಲೆಯ ಮುಂದೆ ಅಜ್ಜಿಯೋ ದೊಡ್ಡಮ್ಮನೋ ಇರುತ್ತಿದ್ದರು. ಈಗ ಅಪ್ಪನ ಜೊತೆಗೆ ಅಮ್ಮನೂ ಹೊರಗೆ ದುಡಿಯುವ ಮನೆಗಳಲ್ಲಿ ಸಂಜೆ ಐದರಿಂದ ಒಂಬತ್ತೂವರೆವರೆಗೆ ಇರುವವರು ನೀವು ಮಾತ್ರ.

ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಅಮ್ಮ ಬಂದು ಸೀರೆಯ ಸೆರಗು ಸಿಕ್ಕಿಸಿಕೊಂಡು ಒಲೆ ಹಚ್ಚುತ್ತಾರೆ, ಊಟ ಹತ್ತೂವರೆಗೆ, ಅಷ್ಟರಲ್ಲಿ ಚಿಕ್ಕವನು ನಿದ್ದೆ ಹೋಗಿರುತ್ತಾನೆ. ಇಲ್ಲವೇ, ಇಡೀ ಅಡುಗೆ ಹಿರಿಯ ಮಗಳ ಹೆಗಲಿಗೆ ಬೀಳುತ್ತದೆ, ಅವಳು ಎಸ್.ಎಸ್.ಎಲ್.ಸಿ. ಪುಸ್ತಕ ಮುಚ್ಚಿಟ್ಟು ಅಕ್ಕಿ ತೊಳೆಯುತ್ತಾಳೆ, ತಮ್ಮ ಟಿ.ವಿ. ನೋಡುತ್ತಾನೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು ಎಂದೇ ನಮ್ಮ ಅಭಿಪ್ರಾಯ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಆರು ವರ್ಷ ಮೇಲ್ಪಟ್ಟವರ ಪೈಕಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಟ್ಟಿದ್ದರೆ, ಮಾಡಿದ ಗಂಡಸರು 97 ನಿಮಿಷ ಕೊಟ್ಟಿದ್ದರು. ಮಾಡಿದವರೇ ನೂರಕ್ಕೆ ಎಷ್ಟು ಎಂದು ನೋಡಿದರೆ ಹೆಂಗಸರಲ್ಲಿ 81, ಗಂಡಸರಲ್ಲಿ ಬರೀ 26. ಈ ಅಂತರ ಮದುವೆಯಾದ ಮೇಲೆ ಹುಟ್ಟುವುದಲ್ಲ. ಸಂಜೆ ಆರಕ್ಕೆ ಯಾರ ಪುಸ್ತಕ ಮುಚ್ಚುತ್ತದೆ ಎಂಬಲ್ಲಿಯೇ ಮೊದಲಾಗುತ್ತದೆ.

ಮೂರನೆಯ ದಾರಿಯೊಂದಿದೆ. ಅಡುಗೆಯನ್ನು ಒಂದೇ ಕೆಲಸವೆಂದು ನೋಡದೆ, ಬೆಂಕಿ ಬೇಡದ ಕೆಲಸ, ಬೆಂಕಿ ಬೇಕಾದ ಕೆಲಸ ಎಂದು ಎರಡಾಗಿ ಒಡೆಯುವುದು. ಅನ್ನ, ಬೇಳೆಸಾರು, ಒಂದು ಪಲ್ಯ ಎಂದಿಟ್ಟುಕೊಳ್ಳಿ. ಅಕ್ಕಿ ಆರಿಸಿ ತೊಳೆಯುವುದು, ತೊಗರಿಬೇಳೆ ನೆನೆಹಾಕುವುದು, ಹುಣಸೆಹಣ್ಣು ನೀರಿಗೆ ಹಾಕುವುದು, ಬೆಳ್ಳುಳ್ಳಿ ಸುಲಿಯುವುದು, ಸೊಪ್ಪು ಬಿಡಿಸುವುದು, ತರಕಾರಿ ಹೆಚ್ಚುವುದು, ಕುಡಿಯುವ ನೀರು ತುಂಬಿಡುವುದು, ತಟ್ಟೆ ಲೋಟ ಇಡುವುದು, ಇವು ಯಾವುದಕ್ಕೂ ಒಲೆ ಬೇಡ. ಅಡುಗೆಯ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿನ್ನುವುದು ಇವೇ. ಇಬ್ಬರು ಹಂಚಿಕೊಂಡರೆ ಓದಿನ ನಡುವಿನ ಅರ್ಧ ಗಂಟೆಯ ಬಿಡುವಿನಲ್ಲಿ ಮುಗಿಯುತ್ತವೆ. ಬೆಂಕಿಯ ಕೆಲಸಕ್ಕೆ ಉಳಿಯುವುದು ಇಪ್ಪತ್ತೈದು ನಿಮಿಷ. ಅದನ್ನು ದೊಡ್ಡವರು ಬಂದ ಮೇಲೆಯೇ ಮಾಡಿದರೂ ಹತ್ತರೊಳಗೆ ಎಲೆ ಹಾಕಬಹುದು.

ಚಿಕ್ಕವರಿಗೆ ಈಳಿಗೆ ಮಣೆ ಕೊಡಬೇಡಿ, ಬೆಳ್ಳುಳ್ಳಿ ಕೊಡಿ. ಹತ್ತು ವರ್ಷದೊಳಗಿನವರು ಒಲೆಯ ಹತ್ತಿರ ಸುಳಿಯಬಾರದು. ಹೈಸ್ಕೂಲಿನವರು ದೊಡ್ಡವರ ಎದುರಿಗೆ ಹಲವು ಸಲ ಮಾಡಿ ತೋರಿಸಿದ ಮೇಲೆಯೇ ಒಬ್ಬರೇ ಕುಕ್ಕರ್ ಇಡಬೇಕು. ಕಾದ ಎಣ್ಣೆಯಲ್ಲಿ ಕರಿಯುವ ಕೆಲಸ ದೊಡ್ಡವರಿಲ್ಲದಾಗ ಬೇಡವೇ ಬೇಡ.

ಕುಕ್ಕರಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ವಿಜ್ಞಾನ ಓದುವವರು ತಿಳಿದಿರಬೇಕು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ದಾವಣಗೆರೆಯಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಬೆಂಕಿ ಎಷ್ಟು ಹೆಚ್ಚಿಸಿದರೂ ಅದಕ್ಕಿಂತ ಬಿಸಿಯಾಗದು. ಮುಚ್ಚಿದ ಕುಕ್ಕರಿನಲ್ಲಿ ಆವಿಯ ಒತ್ತಡ ಏರಿ ನೀರು ಸುಮಾರು 120 ಡಿಗ್ರಿವರೆಗೆ ಕಾಯುತ್ತದೆ. ಬೇಳೆ ಬೇಗ ಬೇಯುವ ಗುಟ್ಟು ಇದು, ಕುಕ್ಕರಿನ ಅಪಾಯವೂ ಇದೇ. ಮುಚ್ಚುವ ಮೊದಲು ವೇಯ್ಟ್ ಕೂರುವ ಕೊಳವೆಯನ್ನು ಬೆಳಕಿಗೆ ಹಿಡಿದು, ತೂತು ಕಟ್ಟಿಲ್ಲವೆಂದು ನೋಡಿ. ಬೇಳೆಯ ನೊರೆ ಒಣಗಿ ಅಲ್ಲಿಯೇ ಅಂಟಿಕೊಳ್ಳುವುದು. ಬೇಳೆಯ ಡಬ್ಬಿ ಅರ್ಧಕ್ಕಿಂತ ಮೇಲೆ ತುಂಬಬಾರದು. ಕೂಗು ನಿಂತರೆ ಸಾಲದು, ಒತ್ತಡ ತಾನಾಗಿ ಇಳಿಯುವವರೆಗೆ ಮುಚ್ಚಳಕ್ಕೆ ಕೈ ಹಾಕಬಾರದು.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅದಕ್ಕೆ ತನ್ನದೇ ವಾಸನೆಯಿಲ್ಲದ ಕಾರಣ ಗೊತ್ತಾಗಲೆಂದೇ ಕೆಟ್ಟ ವಾಸನೆಯ ವಸ್ತು ಬೆರೆಸಿರುತ್ತಾರೆ. ವಾಸನೆ ಬಂದರೆ ದೀಪದ ಸ್ವಿಚ್ ಮುಟ್ಟದೆ, ಹಾಕಲೂ ಬೇಡ ಆರಿಸಲೂ ಬೇಡ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಆ ಮೇಲೆ 1906ಕ್ಕೆ ಕರೆ ಮಾಡಿ. ಕೈ ಸುಟ್ಟರೆ ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಇಂಕು, ಟೂತ್‌ಪೇಸ್ಟ್, ತುಪ್ಪ ಇವೆಲ್ಲ ಹಳೆಯ ರೂಢಿ, ಗಾಯಕ್ಕೆ ಒಳ್ಳೆಯದಲ್ಲ.

ಇನ್ನು ಬಹಳ ಮಂದಿ ಯೋಚಿಸದ ಮಾತು. ಅಮ್ಮನಿಗೆ ಅನುಕೂಲವಾಗಲೆಂದು ಬೆಳಗ್ಗೆಯೇ ರಾತ್ರಿಯ ಅನ್ನವನ್ನೂ ಮಾಡಿಟ್ಟರೆ? ಫ್ರಿಜ್ ಇಲ್ಲದ ಮನೆಯಲ್ಲಿ, ಅದೂ ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ, ಇದು ಒಳ್ಳೆಯ ಉಪಾಯವಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳಿರಬಹುದು. ಅವು ಕುದಿದರೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಕುಳಿತಾಗ ಮೊಳೆತು ವಿಷ ತಯಾರಿಸುತ್ತವೆ. ಆ ವಿಷ ಮತ್ತೆ ಬಿಸಿಮಾಡಿದರೂ ಹೋಗದು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು, ಒಂದೋ 60 ಡಿಗ್ರಿಗಿಂತ ಬಿಸಿ ಇರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದ್ದರಿಂದ ಬೇಗ ಮಾಡಿಡುವುದೇ ಜಾಣತನವಲ್ಲ. ಅಪ್ಪ ಅಮ್ಮ ಒಂಬತ್ತೂವರೆಗೆ ಬರುವುದಾದರೆ ಒಂಬತ್ತಕ್ಕೆ ಕುಕ್ಕರ್ ಇಡಿ, ಆರಕ್ಕಲ್ಲ.

ಹಾಗಾದರೆ ಆರು ಗಂಟೆಯ ಹಸಿವಿಗೆ ಏನು? ಈ ಊರಿನಲ್ಲಿ ಆ ಪ್ರಶ್ನೆ ಕೇಳಬೇಕೇ! ಮಂಡಕ್ಕಿ ಇದೆಯಲ್ಲ. ಭಟ್ಟಿಯಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿಯೊಳಗಿನ ತೇವ ಒಮ್ಮೆಲೇ ಆವಿಯಾಗಿ ಕಾಳು ಉಬ್ಬುತ್ತದೆ. ಅಂದರೆ ಮಂಡಕ್ಕಿ ಆಗಲೇ ಬೆಂದ ಆಹಾರ. ನೀರಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಪುಟಾಣಿ ಹಿಟ್ಟು, ನಿಂಬೆರಸ ಕಲಸಿದರೆ ಒಲೆಯೇ ಬೇಡ. ಆದರೆ ಬರೀ ಮಂಡಕ್ಕಿ ಹೊಟ್ಟೆ ತುಂಬಿದಂತೆ ಮಾಡುತ್ತದೆಯೇ ಹೊರತು ಬೆಳೆಯುವ ಮೈಗೆ ಸಾಲದು. ಒಂದು ಹಿಡಿ ಹುರಿದ ಶೇಂಗಾ ಸೇರಿಸಿ. ಶೇಂಗಾದ ತೂಕದಲ್ಲಿ ಸುಮಾರು ಕಾಲು ಭಾಗ ಪ್ರೋಟೀನು. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ ಹೆಚ್ಚಿ ಹಾಕಿದ ಕೋಸಂಬರಿಯೂ ಆದೀತು. ಚಿಕ್ಕ ಮಕ್ಕಳು ‘ಎಲ್ಲರೂ ಒಟ್ಟಿಗೆ ಉಣ್ಣೋಣ’ ಎಂದು ಹತ್ತರವರೆಗೆ ಹಸಿದು ಕೂರುವುದು ಸರಿಯಲ್ಲ. ಅವರು ಮೊದಲು ಉಣ್ಣಲಿ, ಆ ಮೇಲೆ ಎಚ್ಚರವಿದ್ದರೆ ಪಕ್ಕದಲ್ಲಿ ಕೂತು ಮಾತಾಡಲಿ.

ಹರಿಹರದ ಪಾಳಿಯ ಮನೆಗೆ ಬರೋಣ. ಎರಡನೇ ಪಾಳಿ ಮುಗಿಸಿ ನಡುರಾತ್ರಿಯ ಹೊತ್ತಿಗೆ ಬರುವ ಅಪ್ಪನಿಗೆ ಮುಚ್ಚಿಟ್ಟ ಅನ್ನಕ್ಕಿಂತ ಖಡಕ್ ಜೋಳದ ರೊಟ್ಟಿ ವಾಸಿ. ಸೂಕ್ಷ್ಮಜೀವಿಗಳು ಬೆಳೆಯಲು ನೀರು ಬೇಕು. ಖಡಕ್ ರೊಟ್ಟಿಯಲ್ಲಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಹಿರಿಯರು ದೂರದ ಊರಿಗೆ ಹೊರಟಾಗ ಇವನ್ನೇ ಬುತ್ತಿ ಕಟ್ಟುತ್ತಿದ್ದುದಕ್ಕೆ ಕಾರಣ ಇಲ್ಲಿದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ವಾರ ಯಾವ ಪಾಳಿ ಎಂದು ಗುರುತು ಹಾಕಿಡಿ. ಯಾವ ರಾತ್ರಿ ಎಷ್ಟು ತಟ್ಟೆ, ಎಷ್ಟು ಪಾವು ಅಕ್ಕಿ ಎಂಬುದು ಅದರಿಂದಲೇ ತಿಳಿಯುತ್ತದೆ.

ಅದೇ ಕ್ಯಾಲೆಂಡರಿನಲ್ಲಿ ಯಾರ ಸರದಿ ಏನು ಎಂದೂ ಬರೆಯಬಹುದು. ವಾರಕ್ಕೊಮ್ಮೆ ಕೆಲಸ ಅದಲುಬದಲಾಗಲಿ. ತಮ್ಮನಿಗೆ ಯಾವಾಗಲೂ ನೀರು ತುಂಬುವುದು, ಅಕ್ಕನಿಗೆ ಯಾವಾಗಲೂ ಹೆಚ್ಚುವುದು ಎಂದಾದರೆ ಹಂಚಿಕೆ ಹೆಸರಿಗೆ ಮಾತ್ರ. ಪರೀಕ್ಷೆ ಇರುವವರಿಗೆ ಆ ತಿಂಗಳು ಬಿಡುವು. ಅವರ ಪಾಲನ್ನು ಉಳಿದವರು, ಅಪ್ಪನೂ ಸೇರಿದಂತೆ, ಹೊತ್ತುಕೊಳ್ಳಬೇಕು. ಪಾತ್ರೆ ತೊಳೆಯುವುದನ್ನು ಲೆಕ್ಕದಲ್ಲಿ ಮರೆಯುವವರೇ ಹೆಚ್ಚು. ಹತ್ತೂವರೆಯಲ್ಲಿ ಸಿಂಕಿನ ಮುಂದೆ ಕೊನೆಗೆ ಉಳಿಯುವವರು ಅಮ್ಮನೇ ಆಗಿದ್ದರೆ ಸಂಜೆಯ ನಿಮ್ಮ ಕೆಲಸ ಅರ್ಧ ವ್ಯರ್ಥ. ಉಂಡ ತಟ್ಟೆಯನ್ನು ಅವರವರೇ ತೊಳೆದಿಡಲಿ, ಕುಕ್ಕರ್ ಡಬ್ಬಿಗಳಿಗೆ ಕೂಡಲೇ ನೀರು ಹಾಕಿಡಿ. ಮಲಗುವ ಮುನ್ನ ಒಬ್ಬರು ರೆಗ್ಯುಲೇಟರ್ ಬಂದ್ ಆಗಿದೆಯೇ ನೋಡಲಿ, ಇನ್ನೊಬ್ಬರು ನಾಳೆ ಬೆಳಗಿನ ಪಲ್ಯದ ಅಲಸಂದೆ ಕಾಳನ್ನು ನೀರಿಗೆ ಹಾಕಲಿ.