ಉದ್ಯಾನಗಳ ಪೋಷಣೆ ಯಾರ ಹೊಣೆ?

ಮೈಸೂರಿನ ದಕ್ಷಿಣದಲ್ಲಿರುವ ಶ್ರೀರಾಂಪುರದಂತಹ ಬಡಾವಣೆಗಳಲ್ಲಿ ನಿವೇಶನ ಕೊಂಡವರು ರಸ್ತೆ, ಚರಂಡಿಗಳ ವೆಚ್ಚದೊಡನೆ ಉದ್ಯಾನದ ವೆಚ್ಚವನ್ನೂ ನಿವೇಶನದ ಬೆಲೆಯಲ್ಲಿಯೇ ತೆತ್ತಿರುತ್ತಾರೆ. ಆದರೆ ಗಿಡ ನೆಡುವುದು ಒಂದು ದಿನದ ಕಾರ್ಯ; ನೀರೆರೆಯುವುದು ನಿತ್ಯದ ಕಾರ್ಯ. ಈ ಎರಡನೆಯದಕ್ಕೆ ಹಣವನ್ನು ಒದಗಿಸಬೇಕಾದವರು ಯಾರು?

1903ರಲ್ಲಿಯೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡನ್ನು ಪಡೆದ ನಗರಕ್ಕೆ ಬಡಾವಣೆಗಳ ನಿರ್ಮಾಣವು ಹೊಸತಲ್ಲ. ಉದ್ಯಾನಗಳ ಜಾಗವು ಪರಭಾರೆಯಾಗದಂತೆ 1985ರ ಕಾಯಿದೆಯೂ ಇದೆ. ಆದರೆ ಕಾಯಿದೆಯು ನೆಲವನ್ನು ಕಾಯಬಲ್ಲುದು, ಗಿಡಕ್ಕೆ ನೀರೆರೆಯಲಾರದು. ಆಸ್ತಿ ತೆರಿಗೆಯೊಡನೆ ಗ್ರಂಥಾಲಯಗಳಿಗೆಂದು ನೂರಕ್ಕೆ 6ರಂತೆ ಕರ ವಸೂಲಾಗುತ್ತದೆ. ಆ ಹಣ ಗ್ರಂಥಾಲಯಗಳಿಗೇ ಮೀಸಲು. ಉದ್ಯಾನವಾದರೋ ಬೊಕ್ಕಸದ ಇತರ ಅಗತ್ಯಗಳೊಡನೆ ಸ್ಪರ್ಧಿಸಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ 1972ರ ಕಾಯಿದೆಯಂತೆ, ಹಸುರು ಮತ್ತು ಬೀದಿದೀಪಗಳ ಪೋಷಣೆಗಾಗಿ ಅವುಗಳಿಂದ ಪ್ರಯೋಜನ ಪಡೆಯುವ ಆಸ್ತಿಗಳ ಮೇಲೆ ಪ್ರತ್ಯೇಕ ಕರ ವಿಧಿಸಬಹುದು. 1996ರಲ್ಲಿ ಜನರೇ ಮತವಿತ್ತು ಅದಕ್ಕೆ ಕಡಿವಾಣ ಹಾಕಿದರು: ಮಾಲೀಕರ ಮತ ಕೇಳದೆ ಹೊಸ ಕರ ಕೂಡದು; ಊರಿಗೆಲ್ಲ ದೊರೆಯುವ ಪ್ರಯೋಜನದ ವೆಚ್ಚವನ್ನು ಕೆಲವರ ಮೇಲೆ ಹೊರಿಸಕೂಡದು.

ಈ ತತ್ತ್ವವು ನಮಗೆ ಪರಕೀಯವಲ್ಲ. ಕೆರೆಯ ಪೋಷಣೆಗಾಗಿ ಬಿಟ್ಟ ಬಿತ್ತುವಟ್ಟ, ಕೆರೆಗೊಡಗೆಗಳನ್ನು ನಮ್ಮ ಶಾಸನಗಳು ಸಾರುತ್ತಿವೆ. ಕಟ್ಟಿಸಿದವನ ಪುಣ್ಯದಿಂದಲೇ ಕೆರೆ ಉಳಿಯದೆಂಬುದನ್ನು ಹಿರಿಯರು ಬಲ್ಲವರಾಗಿದ್ದರು.

ಆದುದರಿಂದ ಆಸ್ತಿವಂತರು ತಮ್ಮ ಬಡಾವಣೆಯ ಉದ್ಯಾನಕ್ಕೆ ಸ್ವಲ್ಪ ಹಣ ತೆರುವುದು ಯುಕ್ತವೆಂದೇ ನಮ್ಮ ಅಭಿಪ್ರಾಯ. ಆದರೆ ಮೂರು ನಿಬಂಧನೆಗಳು ಅವಶ್ಯ. ಬೇಲಿ, ನೀರು, ಕಸ ತೆಗೆಯುವಿಕೆ ಇವು ಸ್ಥಳೀಯ ಸಂಸ್ಥೆಯ ಕರ್ತವ್ಯವಾಗಿಯೇ ಉಳಿಯಲಿ. ನಿವಾಸಿಗಳ ಹಣ ಹೆಚ್ಚಿನ ಅಂದಕ್ಕೆ ಮಾತ್ರ ಸಲ್ಲಲಿ. ವಸೂಲಾದ ಹಣದ ಲೆಕ್ಕವನ್ನು ಪ್ರತಿ ವರ್ಷವೂ ಉದ್ಯಾನದ ಬಾಗಿಲಲ್ಲಿಯೇ ಪ್ರಕಟಿಸಲಿ. ಹಣ ಕೊಟ್ಟವರೆಂಬ ಹಕ್ಕಿನಿಂದ ಯಾರೂ ಆ ಬಾಗಿಲಿಗೆ ಬೀಗ ಹಾಕದಿರಲಿ.

ಈ ಮೂರನೆಯದು ಎಲ್ಲಕ್ಕೂ ಮುಖ್ಯವಾದುದು. ಸ್ವಂತ ಅಂಗಳವುಳ್ಳವನಿಗಿಂತ ಬಾಡಿಗೆಯ ಒಂದೇ ಕೋಣೆಯಲ್ಲಿ ಬಾಳುವವನಿಗೆ ಉದ್ಯಾನ ಹೆಚ್ಚು ಬೇಕು. ಸಿರಿವಂತರ ಬೀದಿಗೆ ಹೂವು, ಬಡವರ ಬೀದಿಗೆ ಧೂಳು ಎಂದಾದರೆ ಅದು ಉದ್ಯಾನ ಪೋಷಣೆಯಲ್ಲ, ನಗರದ ವಿಭಜನೆ. ತಮ್ಮ ಬಡಾವಣೆಗಳಿಗೆ ನೆರವಾಗುವ ಜನರಿರುವೆಡೆಯಲ್ಲಿ ಉಳಿತಾಯವಾದ ಸರ್ಕಾರಿ ಹಣವನ್ನು ಅಧಿಕಾರಿಗಳು ಬಡ ಬೀದಿಗಳಿಗೆ ತಿರುಗಿಸಲಿ. ಹಾಗಾದಲ್ಲಿ ಮಾಲೀಕರು ತೆತ್ತ ಹಣವು ಇಡೀ ನಗರಕ್ಕೆ ನೆರಳಾದೀತು.